ಸಂಜೆ ಬಸ್ಸಿನ ಕಾಲೇಜು

ಪಿಯುಸಿ ಫಲಿತಾಂಶ ಬಂದ ಮರುದಿನದಿಂದ ಸವದತ್ತಿಯ ನನ್ನ ಬಾಡಿಗೆ ಮನೆಯ ಬಾಗಿಲಿಗೆ ಬಿಡುವಿರುವುದಿಲ್ಲ. ನಾನು ಇಲ್ಲಿಯ ಪದವಿಪೂರ್ವ ಕಾಲೇಜೊಂದರಲ್ಲಿ ಗಣಿತ ಕಲಿಸುವವಳು. ಮಕ್ಕಳನ್ನು ಕರೆದುಕೊಂಡು ತಂದೆ ತಾಯಿ ಬರುತ್ತಾರೆ, ಚಾಪೆಯ ಮೇಲೆ ಕುಳಿತು ಚಹಾ ಕುಡಿಯುತ್ತಾರೆ, ಆಮೇಲೆ ಎಲ್ಲರದೂ ಅದೇ ಪ್ರಶ್ನೆ.

"ಮೇಡಂ, ಯಾವ ಕಾಲೇಜಿಗೆ ಹಾಕೂಣ್ರಿ? ಹೆಸರ ನೋಡೂದೋ, ಹತ್ರ ಇರೂದ ನೋಡೂದೋ?"

"ಆ ಕಾಲೇಜಿನ ಹುಡುಗ್ರು ಮನಿಗಿ ಹೋಗೂ ಸಂಜಿ ಬಸ್ಸಿನ್ಯಾಗ ಒಂದಿನ ಕುಂತ ಬರ್ರಿ. ಆಮ್ಯಾಲ ಹೇಳತೇನಿ" ಎನ್ನುತ್ತೇನೆ.

ನಾನು ಚೇಷ್ಟೆ ಮಾಡುತ್ತಿದ್ದೇನೆ ಎಂದುಕೊಳ್ಳುವವರೇ ಹೆಚ್ಚು. ಹೋದ ವರ್ಷ ಒಬ್ಬರು ಅರ್ಧ ಕಪ್ ಚಹಾ ಬಿಟ್ಟು ಎದ್ದು ಹೋದರು. ಹೋಗಲಿ. ಈ ಉಪಾಯ ನನ್ನದಲ್ಲ, ನನ್ನ ಅಬ್ಬಾನದು. ಈ ಉಪಾಯವನ್ನು ಕಂಡುಹಿಡಿದ ಅವರೇ ಅದರಲ್ಲಿ ದೊಡ್ಡದೊಂದು ತಪ್ಪು ಮಾಡಿದ್ದರು. ಆ ತಪ್ಪಿನ ಮೇಲೆ ನನ್ನ ಬದುಕು ನಿಂತಿದೆ ಎಂದು ಚಹಾ ಬಿಟ್ಟು ಹೋದವರಿಗೆ ಹೇಗೆ ಹೇಳಲಿ?

ಅಬ್ಬಾ ಸರ್ಕಾರಿ ಬಸ್ಸಿನ ಡ್ರೈವರ್. ಕಿತ್ತೂರು, ಬೈಲಹೊಂಗಲ, ಮುರಗೋಡ, ಯರಗಟ್ಟಿ ದಾಟಿ ರಾಮದುರ್ಗ ಮುಟ್ಟುವ ಬಸ್ಸು ಅವರದು. ಒಂದು ರಾತ್ರಿ ರಾಮದುರ್ಗದಲ್ಲಿ ವಸ್ತಿ, ಮರುದಿನ ಯರಗಟ್ಟಿಯ ನಮ್ಮ ಮನೆ. ಹೀಗೆ ದಿನ ಬಿಟ್ಟು ದಿನ ಅವರ ಪಾಳಿ, ನಡುವಿನ ದಿನ ಇನ್ನೊಬ್ಬ ಡ್ರೈವರ್. ಓದಿದ್ದು ಏಳನೆಯ ಇಯತ್ತೆ. ನಮ್ಮ ಮನೆಮಾತು ಉರ್ದು, ಆದರೆ ಮೈಮೇಲೆ ಖಾಕಿ ಅಂಗಿ ಇರುವವರೆಗೆ ಅಬ್ಬಾ ಕನ್ನಡದಲ್ಲೇ ಇರುತ್ತಿದ್ದರು. ಅಂಗಿ ಗೂಟಕ್ಕೆ ಸಿಕ್ಕಿಸಿದ ಮೇಲೆ ಉರ್ದು. ಬೈಗುಳವೆಲ್ಲ ಉರ್ದುವಿನಲ್ಲಿ, ಯೋಚನೆಯ ಮಾತೆಲ್ಲ ಖಾಕಿಯಲ್ಲಿ.

ನನ್ನ ಪಿಯುಸಿ ಮುಗಿದ ಬೇಸಿಗೆಯಲ್ಲಿ ಮನೆಯಲ್ಲಿ ಪಂಚಾಯ್ತಿ ಕೂಡಿತು. ರಾಮದುರ್ಗದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಮಾಮೂ, ಅಂದರೆ ಅಮ್ಮಿಯ ಅಣ್ಣ, ಪೇಢೆಯ ಡಬ್ಬಿ ಹಿಡಿದು ಬಂದಿದ್ದರು. ಗಣಿತದಲ್ಲಿ ನನಗೆ ಪೂರ್ತಿ ಅಂಕ ಬಂದಿತ್ತು. ಬಿ.ಎಸ್ಸಿ. ಮಾಡಬೇಕು, ಮುಂದೆ ಗಣಿತದಲ್ಲೇ ಎಂ.ಎಸ್ಸಿ. ಮಾಡಬೇಕು ಎಂಬುದು ನನ್ನ ಹಟ. ನಮ್ಮ ಮನೆತನದಲ್ಲಿ ಅಲ್ಲಿಯವರೆಗೆ ಯಾರೂ ಕಾಲೇಜಿನ ಮೆಟ್ಟಿಲು ಹತ್ತಿರಲಿಲ್ಲ. ಮೂರು ವರ್ಷ ಎಲ್ಲಿ ಓದುತ್ತೇನೋ ಅದರ ಮೇಲೆ ಮುಂದಿನದು ನಿಂತಿತ್ತು. ಒಮ್ಮೆ ತಪ್ಪಿದರೆ ಇನ್ನೊಮ್ಮೆ ಪಂಚಾಯ್ತಿ ಕೂಡುತ್ತದೆ, ಆದರೆ ಆಗ ಮಾತು ಬರುವುದು ಮದುವೆಯದು. ಇದು ನನಗೆ ಚೆನ್ನಾಗಿ ಗೊತ್ತಿತ್ತು.

"ನನ್ನ ಅಂಗಡ್ಯಾಗ ಗಿರಾಕಿ ಮದಲ ಅಂಚಿನ ಮ್ಯಾಲಿನ ಛಾಪ ನೋಡತಾನ, ಆಮ್ಯಾಲ ಅರಿವಿ ಮುಟ್ಟತಾನ" ಎಂದರು ಮಾಮೂ. "ಓದೂದೂ ಹಂಗ. ನಾಳೆ ಯಾರರೆ 'ಯಾವ ಕಾಲೇಜವಾ' ಅಂತ ಕೇಳಿದ್ರ ಬಾಯಿ ತುಂಬ ಹೇಳಾಕ ಬರಬೇಕು. ದೊಡ್ಡ ಊರಿಗಿ ಕಳಸ್ರಿ."

ನಾನು ಮಾಮೂನ ಪಕ್ಷ. ದೂರದ ಬೆಟ್ಟ ನುಣ್ಣಗೆ ಎಂಬುದನ್ನು ನಾನೂ ಕೇಳಿದ್ದೆ. ಆದರೆ ಹದಿನೆಂಟರಲ್ಲಿ ಯಾರಿಗೆ ತಾನೇ ಹತ್ತಿರದ ಕಲ್ಲುಮುಳ್ಳು ಬೇಕು?

ಅಬ್ಬಾ ಇನ್ನೂ ಖಾಕಿಯಲ್ಲಿದ್ದರು. "ನಾ ದಿನಾ ಕಾಲೇಜು ಹುಡುಗ್ರನ್ನ ಹೊತ್ತೊಯ್ಯಾಂವ. ಮುಂಜಾನಿ ಬಸ್ಸಿನ್ಯಾಗ ಎಲ್ಲಾರೂ ಪುಸ್ತಕ ಹಿಡದಿರತಾರ, ಅದು ಪರೀಕ್ಷಾದ ಅಂಜಿಕಿ. ಸಂಜಿ ಬಸ್ಸಿನ್ಯಾಗ ನೋಡಬೇಕು. ಕಲಿಸೂದು ಖರೇ ಇದ್ರ ಹುಡುಗ್ರ ತಲಿಯಾಗ ಸಂಜಿಮಟಾನೂ ಕುದೀತಿರತದ."

ಆಮೇಲೆ ಅವರು ಹೇಳಿದ್ದು ಇದು. ಬೈಲಹೊಂಗಲ ಇನ್ನೂ ಸ್ವಲ್ಪ ದೂರ ಇರುವಾಗ ಕಿತ್ತೂರಿನ ಹಾದಿಯಲ್ಲಿ ಒಂದು ದೊಡ್ಡ ಕಾಲೇಜಿದೆ. ಅದರ ಗೇಟಿನ ಮುಂದೆಯೇ ಬಸ್‌ಸ್ಟಾಪು, ಸ್ಟಾಪಿಗೂ ಆ ಕಾಲೇಜಿನದೇ ಹೆಸರು. ಅಲ್ಲಿ ಸಂಜೆ ಎಂಟು ಹತ್ತು ಮಂದಿ ಹುಡುಗ ಹುಡುಗಿಯರು ಹತ್ತುತ್ತಾರೆ. ಹತ್ತಿದ ಕೂಡಲೇ ನೋಟುಬುಕ್ಕು ತೆಗೆದು ಜಗಳ ಶುರು. ಜಗಳ ಹುಡುಗ ಹುಡುಗಿಯರದಲ್ಲ, ಲೆಕ್ಕದ್ದು. ಯರಗಟ್ಟಿ ಬಂದರೂ ಮುಗಿಯುವುದಿಲ್ಲ. ಒಮ್ಮೆ ಒಬ್ಬ ಹುಡುಗಿ ತನ್ನ ಊರು ಬಂದದ್ದೂ ತಿಳಿಯದೆ ಮುಂದಿನ ಊರಿಗೆ ಹೋಗಿ ಇಳಿದಳು. ನಾಲ್ಕು ವರ್ಷದಿಂದ ಅಬ್ಬಾ ಇದನ್ನು ತಲೆಯ ಮೇಲಿನ ಕನ್ನಡಿಯಲ್ಲಿ ನೋಡುತ್ತ ಬಂದಿದ್ದರು.

"ಆ ಕಾಲೇಜಿಗಿ ಹೆಸರೂ ಐತಿ, ಹತ್ರಾನೂ ಐತಿ" ಎಂದು ಮುಗಿಸಿದರು.

ಆ ಹೆಸರು ರಾಮದುರ್ಗದವರೆಗೂ ಮುಟ್ಟಿತ್ತು, ಹಾಗಾಗಿ ಮಾಮೂ ತಲೆ ಆಡಿಸಿದರು. ಸಂಜೆಗೆ ಮಗಳು ಮನೆಗೆ ಬರುತ್ತಾಳಲ್ಲ ಎಂದು ಅಮ್ಮಿ ದೇವರಿಗೆ ಶುಕ್ರಿಯಾ ಹೇಳಿದಳು. ಎರಡು ದಿನ ಮುಖ ಊದಿಸಿಕೊಂಡು ನಾನೂ ಒಪ್ಪಿದೆ. ಒಪ್ಪಲು ನನ್ನದೇ ಕಾರಣವೂ ಇತ್ತು. ಒಂದು ಸಂಜೆ ಬೈಲಹೊಂಗಲದಿಂದ ಬರುವಾಗ ನಾನೂ ಆ ಗುಂಪನ್ನು ಕಂಡಿದ್ದೆ. ನನ್ನ ವಯಸ್ಸಿನ ಹುಡುಗಿಯೊಬ್ಬಳು ಒಂದು ಕೈಯಲ್ಲಿ ಮೇಲಿನ ಸರಳು ಹಿಡಿದು, ಮುಂದೆ ನಿಂತ ಗೆಳತಿಯ ಬೆನ್ನ ಮೇಲೆ ನೋಟುಬುಕ್ಕು ಇಟ್ಟು ಬರೆಯುತ್ತಿದ್ದಳು. ರಸ್ತೆಯ ಗುಂಡಿಯಲ್ಲಿ ಬಸ್ಸು ಎತ್ತಿ ಹಾಕಿದಾಗ "ಅಯ್ಯ, ಗೆರಿ ಸೊಟ್ಟಾತು" ಎಂದು ಬೈದಳೇ ಹೊರತು ಪೆನ್ನು ಎತ್ತಲಿಲ್ಲ. ಅವಳನ್ನು ನೋಡಿ ನನಗೆ ಹೊಟ್ಟೆಕಿಚ್ಚಾಗಿತ್ತು.

ಪ್ರವೇಶದ ದಿನ ಅಬ್ಬಾ ರಜೆ ಹಾಕಿದರು, ಆದರೂ ಇಸ್ತ್ರಿ ಮಾಡಿದ ಖಾಕಿಯನ್ನೇ ತೊಟ್ಟು ಬಂದರು. ಬೇರೆ ಅಂಗಿ ಇಲ್ಲ ಎಂದಲ್ಲ. ಖಾಕಿಯಲ್ಲಿದ್ದರೆ ಆ ಕಾಲೇಜಿನ ಹುಡುಗರು ಗುರುತು ಹಿಡಿಯುತ್ತಾರೆ ಎಂಬ ಆಸೆ. ನಾಲ್ಕು ವರ್ಷ ಬಸ್ಸು ನಿಲ್ಲಿಸುತ್ತ ಬಂದಿದ್ದ ಗೇಟಿನ ಒಳಗೆ ಅವರು ಕಾಲಿಟ್ಟದ್ದು ಅದೇ ಮೊದಲು. ಎತ್ತರದ ಕಟ್ಟಡ, ಕತ್ತರಿಸಿದ ಹುಲ್ಲು, ಒಂದು ಬದಿಗೆ ಸಾಲಾಗಿ ನಿಂತ ಕಾಲೇಜಿನ ಹಳದಿ ಬಸ್ಸುಗಳು. ಚೀಟಿ ಕೊಟ್ಟ ಗುಮಾಸ್ತರು ಮರ್ಯಾದೆಯಿಂದ ಮಾತಾಡಿಸಿದರು. ನಮ್ಮ ಮುಂದೆ ಐದು ಮಂದಿ ಇದ್ದರು. ಅರ್ಜಿಯನ್ನು ನಾನು ತುಂಬಿ ಮುಗಿಸಿದ್ದೆ, ಸಹಿಯೊಂದು ಬಾಕಿ.

ಅಬ್ಬಾ ಮಾತ್ರ ಹೋಗುವ ಬರುವ ಹುಡುಗರ ಮುಖ ನೋಡುತ್ತಲೇ ಇದ್ದರು. ಕಡೆಗೆ ತಡೆಯಲಾರದೆ ಗೇಟಿನ ಕಾವಲುಗಾರನ ಹತ್ತಿರ ಹೋದರು. ನಾನೂ ಹಿಂದೆಯೇ ಹೋದೆ.

"ನಮ್ಮ ಸಂಜಿ ಬಸ್ಸಿಗೆ ಬರೂ ಹುಡುಗ್ರು ಒಬ್ರೂ ಕಾಣವಲ್ರಲ್ರಿ?"

"ಅವ್ರ ನಮ್ಮವ್ರಲ್ರಿ ಡ್ರೈವರ್ ಸಾಹೇಬ್ರ" ಎಂದ ಕಾವಲುಗಾರ, ಸಹಜವಾಗಿ. "ನಮ್ಮವ್ರು ಈ ಹಳದಿ ಬಸ್ಸಿನ್ಯಾಗ ಹೋಗತಾರ. ಅವ್ರು ಹಿಂದಿನ ಸಣ್ಣ ಕಾಲೇಜಿನವ್ರು. ಕಬ್ಬಿನ ಹೊಲದಾಗ ಹಾದ ಹೋದ್ರ ಸಿಗತೈತಿ ನೋಡ್ರಿ. ಅಲ್ಲೆ ಸ್ಟಾಪ್ ಇಲ್ಲ, ಅದಕ್ಕ ನಮ್ಮ ಗೇಟಿಗಿ ಬಂದು ನಿಲ್ಲತಾರ."

ಕಂಡಕ್ಟರನನ್ನು ಒಂದು ಮಾತು ಕೇಳಿದ್ದರೆ ಮುಗಿದುಹೋಗುತ್ತಿತ್ತು. ಪ್ರತಿ ಹುಡುಗನ ಪಾಸಿನ ಮೇಲೂ ಕಾಲೇಜಿನ ಹೆಸರಿರುತ್ತದೆ. ಆದರೆ ಹಾದಿಯ ವಿಷಯದಲ್ಲಿ ಡ್ರೈವರ್ ಕಂಡಕ್ಟರನನ್ನು ಕೇಳುವುದುಂಟೇ? ಯಾವ ಸ್ಟಾಪಿನಲ್ಲಿ ಯಾರು ಹತ್ತುತ್ತಾರೆ ಎಂಬುದು ಸ್ಟೇರಿಂಗ್ ಹಿಡಿದವನಿಗೆ ಗೊತ್ತಿರಲೇಬೇಕು ಎಂಬುದು ಅವರ ಜಂಬ. ಇಡೀ ಜನ್ಮದಲ್ಲಿ ಅವರು ಪಟ್ಟ ಜಂಬ ಅದೊಂದೇ.

ಅಬ್ಬಾ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕುಳಿತುಬಿಟ್ಟರು. ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು.

"ನಾ ತಪ್ಪಿದೆ ಬೇಟಾ. ಬರೇ ಬೋರ್ಡ್ ನೋಡಿ ಹತ್ತಬ್ಯಾಡ್ರಿ, ಒಂದ್ ಮಾತ ಕೇಳಿ ಹತ್ರಿ ಅಂತ ಮಂದಿಗೆಲ್ಲಾ ಹೇಳಾಂವ ನಾ. ನಾನ ಬೋರ್ಡ್ ನೋಡಿ ಹತ್ತಿದೆ."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು, ಈಗಲೂ. "ಈಗ ಹೇಳತೀರೇನ್ರಿ? ಮಾಮೂಗ ಹೇಳಿ, ಊರಿಗೆಲ್ಲಾ ಹೇಳಿ, ಇಲ್ಲಿಮಟಾ ಬಂದು?" ಎಂದು ರೇಗಿದೆ. ಕಾವಲುಗಾರ ಬೇರೆ ಕಡೆ ನೋಡಿದ.

ಅಬ್ಬಾ ತಿರುಗಿ ರೇಗಲಿಲ್ಲ. "ಈ ಕಾಲೇಜು ಕೆಟ್ಟದ್ದೇನಲ್ಲ. ಹೆಸರು ಖರೇ ಐತಿ. ಮಾಮೂಗ ಬಾಯಿ ತುಂಬ ಹೇಳಾಕ ಬರತೈತಿ. ಆದ್ರ ನಾ ನಿನ್ನ ಕರಕೊಂಡ ಬಂದದ್ದು ಆ ಹುಡುಗ್ರನ್ನ ನೋಡಿ. ನಿನಗ ಹೆಸರ ಬೇಕೋ, ಆ ಹುಡುಗ್ರು ಬೇಕೋ ನೀನ ಹೇಳು. ನಾ ಇನ್ನ ಹೇಳೂದಿಲ್ಲ. ನಾ ಹೇಳಿದ್ದು ಒಮ್ಮಿ ತಪ್ಪ ಆತು."

ಒಳಗಿನಿಂದ ನಮ್ಮ ಚೀಟಿಯ ಸಂಖ್ಯೆ ಕೂಗಿದರು. ನನ್ನ ಕಾಲು ಎರಡು ಹೆಜ್ಜೆ ಆ ಕಡೆಗೇ ಇಟ್ಟಿತು, ಸುಳ್ಳೇಕೆ ಹೇಳಲಿ. ಆಮೇಲೆ ಬೆನ್ನ ಮೇಲೆ ಬರೆಯುತ್ತಿದ್ದ ಆ ಹುಡುಗಿ ನೆನಪಾದಳು. ಅವಳು ಇಲ್ಲಿ ಇರುವುದಿಲ್ಲ.

"ಒಂದ್ ಸಲ ನೋಡೇ ಬರೂಣ ನಡೀರಿ" ಎಂದೆ.

ಕಬ್ಬು ಆಳೆತ್ತರ ಬೆಳೆದಿತ್ತು. ನಡುವಿನ ಗಾಡಿದಾರಿಯಲ್ಲಿ ನಾವಿಬ್ಬರೂ ನಡೆದೆವು. ದಾರಿ ಮುಗಿದಲ್ಲಿ ತಗಡಿನ ಮಾಡಿನ ಐದಾರು ಕೋಣೆಗಳ ಸಾಲು, ಮುಂದೊಂದು ಬೇವಿನ ಮರ, ಮರಕ್ಕೆ ಒರಗಿಸಿದ ನಾಲ್ಕು ಸೈಕಲ್ಲು. ಇದನ್ನು ನೋಡಲಿಕ್ಕೆ ಆ ಗೇಟು ಬಿಟ್ಟು ಬಂದೆನೇ?

ಕೊನೆಯ ಕೋಣೆಯಲ್ಲಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಬ್ಬರು ಬೋರ್ಡು ಒರೆಸುತ್ತಿದ್ದರು. ಸಂಗೊಳ್ಳಿಯಿಂದ ದಿನವೂ ಬಂದು, ಅದೇ ಸ್ಟಾಪಿನಿಂದ ಮರಳುವ ಗಣಿತದ ಮೇಡಂ; ಅಲ್ಲಿ ಅಬ್ಬಾನನ್ನು ಕಂಡಿದ್ದರಂತೆ. ಅಬ್ಬಾನ ಖಾಕಿ ಕಂಡದ್ದೇ ತಡ, ಸೀಮೆಸುಣ್ಣ ಕೆಳಗಿಟ್ಟು ಹೊರಗೆ ಬಂದರು.

"ಸಂಜಿ ಬಸ್ಸಿನವ್ರಲ್ರಿ ನೀವು? ಹಿಂದಿನ ದೀಪ ಇಡಾವ್ರು?"

ಅಬ್ಬಾಗೆ ತಿಳಿಯಲಿಲ್ಲ. ಮೇಡಂ ನಮ್ಮನ್ನು ಬೆಂಚಿನ ಮೇಲೆ ಕೂಡಿಸಿ ವಿವರಿಸಿದರು. ಚಳಿಗಾಲದಲ್ಲಿ ಬೈಲಹೊಂಗಲ ದಾಟುವಷ್ಟರಲ್ಲಿ ಕತ್ತಲಾಗುತ್ತದೆ. ಬಸ್ಸಿನ ಒಳದೀಪ ಮುಂದಿನ ಗಾಜಿಗೆ ಹೊಡೆಯುವುದರಿಂದ ಡ್ರೈವರುಗಳು ಅದನ್ನು ಆರಿಸಿಬಿಡುತ್ತಾರೆ. ಅಬ್ಬಾ ಮಾತ್ರ ಮುಂದಿನದನ್ನು ಆರಿಸಿ, ಹಿಂದಿನ ಎರಡು ದೀಪ ಉಳಿಸುತ್ತಿದ್ದರು. ಹುಡುಗರ ಜಗಳ ಅರ್ಧಕ್ಕೆ ನಿಲ್ಲಬಾರದು, ಅಷ್ಟೇ ಕಾರಣ.

"ನಮಗ ಹಾಸ್ಟೆಲ್ ಇಲ್ರಿ, ಕುಂತ ಓದಾಕ ಒಂದು ಕೋಣಿ ಇಲ್ಲ" ಎಂದರು ಮೇಡಂ. "ಐದಕ್ಕ ನಾನೂ ಸಂಗೊಳ್ಳಿ ಬಸ್ಸಿಗಿ ಓಡಬೇಕು. ಅದಕ್ಕ ದಿನಾ ಕಡೀ ಲೆಕ್ಕ ನಾ ಬಿಡಸೂದಿಲ್ಲ. ಬರದು ಬಿಟ್ಟ ಬಿಡತೇನಿ. ಅದು ಬಸ್ಸಿನ ಲೆಕ್ಕ. ನಿಮ್ಮ ಪಾಳಿ ಇದ್ದ ದಿನ ದೊಡ್ಡ ಲೆಕ್ಕ, ದೀಪ ಇರತೈತಂತ ಗೊತ್ತು. ಇನ್ನೊಬ್ರ ಪಾಳಿ ದಿನ ಸಣ್ಣದು, ಕತ್ತಲಾಗೂದ್ರಾಗ ಮುಗಿಯೂವಂಥಾದ್ದು. ನಮ್ಮ ಕಾಲೇಜಿನ ಒಂದು ಕೋಣಿ ನಿಮ್ಮ ಬಸ್ಸಿನ್ಯಾಗ ಐತ್ರಿ."

ಅಬ್ಬಾ ಬೆಂಚಿನಿಂದ ಎದ್ದು ಖಾಕಿಯ ಕಾಲರು ಸರಿಮಾಡಿಕೊಂಡರು. ಆ ಹೊತ್ತು ನನಗೆ ನನ್ನ ಅಪ್ಪನ ಮೇಲೆ ಎಷ್ಟು ಹೆಮ್ಮೆಯಾಯಿತೆಂದರೆ, ಗೇಟಿನ ಹತ್ತಿರ ರೇಗಿದ್ದಕ್ಕೆ ನಾಲಿಗೆ ಕಡಿದುಕೊಳ್ಳಬೇಕು ಅನಿಸಿತು. ಅಲ್ಲಿಯೇ ಹೊಸ ಅರ್ಜಿ ಇಸಿದುಕೊಂಡು ಸಹಿ ಹಾಕಿದೆ.

ಮಾಮೂ ಒಂದು ತಿಂಗಳು ನಮ್ಮ ಮನೆಯ ಕಡೆ ಹಾಯಲಿಲ್ಲ. ಬಂದಾಗ ಕೇಳಿದ್ದೂ ಅದೇ ಮಾತು: "ಯಾವ ಕಾಲೇಜವಾ ಅಂತ ಕೇಳಿದ್ರ ಏನ್ ಹೇಳತಿ?" ನಾನು ಏನೋ ತಿರುಗಿಸಿ ಹೇಳಿದೆ. ಅಬ್ಬಾ ಎದ್ದು ಹಿತ್ತಲಿಗೆ ಹೋದರು.

ಆ ಮೂರು ವರ್ಷಗಳನ್ನು ನಾನು ಹೊಗಳುತ್ತ ಕೂತರೆ ಹೊತ್ತು ಸಾಲದು. ಕೊರತೆ ಇರಲಿಲ್ಲವೆಂದಲ್ಲ. ಒಂದೊಂದು ಪುಸ್ತಕಕ್ಕೆ ಎಂಟು ಮಂದಿ ಪಾಳಿ ಹಚ್ಚುತ್ತಿದ್ದೆವು. ಮಳೆ ಜೋರಾದರೆ ತಗಡಿನ ಸದ್ದಿಗೆ ಪಾಠ ನಿಲ್ಲುತ್ತಿತ್ತು. ಆದರೆ ಮೇಡಂ ಒಂದು ದಿನವೂ ಬಸ್ಸಿನ ಲೆಕ್ಕ ತಪ್ಪಿಸಲಿಲ್ಲ. ಜ್ವರ ಬಂದು ರಜೆ ಹಾಕಿದ ದಿನವೂ ಫೋನಿನಲ್ಲಿ ಕಳಿಸುತ್ತಿದ್ದರು. ನಾವು ಲೆಕ್ಕಗಳನ್ನು ಊರುಗಳಿಂದ ಅಳೆಯುತ್ತಿದ್ದೆವು. ಹತ್ತಿದ ಕೂಡಲೇ ಬಿಡಿಸಿದ್ದು ಬೈಲಹೊಂಗಲದ ಲೆಕ್ಕ. ಸ್ವಲ್ಪ ತಿಣುಕಿಸಿದ್ದು ಮುರಗೋಡದ್ದು. ತಲೆ ಕೆಟ್ಟು ಹೋದದ್ದು ಯರಗಟ್ಟಿಯದು. ನಾವೆಲ್ಲ ಇಳಿದು ಹೋದರೂ ಮುಗಿಯದೆ ಉಳಿದದ್ದು ರಾಮದುರ್ಗದ ಲೆಕ್ಕ. ಅದು ಅಬ್ಬಾನ ಜೊತೆ ವಸ್ತಿ ಹೋಗುತ್ತಿತ್ತು. ಬೆನ್ನ ಮೇಲೆ ಬರೆಯುತ್ತಿದ್ದ ಹುಡುಗಿ ನನಗಿಂತ ಒಂದು ವರ್ಷ ಮುಂದಿದ್ದಳು. ಮೊದಲ ವಾರದಲ್ಲೇ ನನ್ನ ಬೆನ್ನೂ ಅವಳ ಮೇಜಾಯಿತು.

ಒಂದು ಲೆಕ್ಕ ಇವತ್ತಿಗೂ ನೆನಪಿದೆ. ಬಸ್ಸೊಂದು ಬೆಳಿಗ್ಗೆ ಆರಕ್ಕೆ ಕಿತ್ತೂರು ಬಿಟ್ಟು, ನಿಲ್ಲುತ್ತ ಓಡುತ್ತ ರಾಮದುರ್ಗ ಮುಟ್ಟುತ್ತದೆ. ಮರುದಿನ ಆರಕ್ಕೆ ರಾಮದುರ್ಗ ಬಿಟ್ಟು ಅದೇ ಹಾದಿಯಲ್ಲಿ ಕಿತ್ತೂರಿಗೆ ಮರಳುತ್ತದೆ. ಎರಡೂ ದಿನ ಗಡಿಯಾರದಲ್ಲಿ ಒಂದೇ ಹೊತ್ತಿಗೆ ಬಸ್ಸು ಒಂದೇ ಜಾಗದಲ್ಲಿರುವ ಒಂದು ಗಳಿಗೆ ಇದ್ದೇ ಇರುತ್ತದೆಯೇ? ಇದ್ದರೆ ಏಕೆ? ನಾವು ವೇಗ ಬರೆದೆವು, ಗೆರೆ ಎಳೆದೆವು, ಸಮೀಕರಣ ಹೂಡಿದೆವು. ಮುರಗೋಡ ಹೋಯಿತು. ಯರಗಟ್ಟಿಯಲ್ಲಿ ಬಸ್ಸು ನಿಂತಿತು. ನಾನು ಮುಂದೆ ಹೋಗಿ ಅಬ್ಬಾಗೆ ಗೊಣಗಿದೆ.

ಅವರು ಕೇಳಿ, ಸ್ಟೇರಿಂಗ್ ಮೇಲೆ ಕೈ ಇಟ್ಟುಕೊಂಡೇ ಅಂದರು: "ಇದ್ರಾಗ ಏನೈತಿ? ಎರಡ ದಿನ ಯಾಕ? ಒಂದ ದಿನ ಎರಡ ಬಸ್ ಬಿಡು. ಆಕಡಿಂದೊಂದು, ಈಕಡಿಂದೊಂದು. ಎದುರಿನ ಬಸ್ಸು ಹಾದ್ಯಾಗ ಎಲ್ಲೆರೆ ಒಂದ ಕಡೆ ಸಿಗಲಿಕ್ಕ ಬೇಕಲ್ಲ? ದಿನಾ ನಾ ಅದರ ಡ್ರೈವರಗ ಕೈ ಮಾಡತೇನಿ."

ಹಿಂದಿನವರೆಲ್ಲ ತಾವು ಬರೆದ ಸಮೀಕರಣಗಳ ಮೇಲೆ ಅಡ್ಡಗೆರೆ ಎಳೆದರು. ಮರುದಿನ ಮೇಡಂ ಆ ಉತ್ತರವನ್ನು ಬೋರ್ಡಿನ ಮೇಲೆ ಬರೆದು, ಕೆಳಗೆ ಬಿಡಿಸಿದವರು ಎಂದು ಬರೆಯುವ ಜಾಗದಲ್ಲಿ "ಡ್ರೈವರ್ ಸಾಹೇಬರು" ಎಂದು ಬರೆದರು. ಎರಡು ದಿನ ಅದನ್ನು ಯಾರೂ ಒರೆಸಲಿಲ್ಲ.

ಬಿ.ಎಸ್ಸಿ. ಮುಗಿದ ಮೇಲೆ ಪೆಟ್ಟು ಬಿತ್ತು. ಒಂದೆರಡು ಕಡೆ ಕಾಲೇಜಿನ ಹೆಸರು ಕೇಳಿಯೇ ನನ್ನ ಎಂ.ಎಸ್ಸಿ. ಅರ್ಜಿ ಬದಿಗಿಟ್ಟರು. ಮಾಮೂ ಹೇಳಿದ್ದು ಸುಳ್ಳಾಗಿರಲಿಲ್ಲ. ಛಾಪು ನೋಡುವವರು ಲೋಕದಲ್ಲಿ ಇದ್ದಾರೆ, ಬಹಳ ಇದ್ದಾರೆ. ಉಳಿದದ್ದು ದೂರದ ಊರಿನ ದೊಡ್ಡ ಹೆಸರಿನ ವಿಶ್ವವಿದ್ಯಾಲಯ ಒಂದೇ. ಅಲ್ಲಿಯ ಲಿಖಿತ ಪರೀಕ್ಷೆ ದಾಟಿದ್ದೆ, ಸಂದರ್ಶನಕ್ಕೆ ಕರೆದಿದ್ದರು. ಅದೂ ತಪ್ಪಿದರೆ ಗಣಿತಕ್ಕೆ ಸಲಾಮು.

ಅಬ್ಬಾ ರಜೆ ಹಾಕಿ ಜೊತೆಗೆ ಬಂದರು, ಖಾಕಿಯಲ್ಲೇ. ಇಡೀ ಪ್ರಯಾಣದಲ್ಲಿ ನಾಲ್ಕು ಮಾತು ಆಡಿರಲಿಕ್ಕಿಲ್ಲ. ಬೇರೆಯವರು ಓಡಿಸುವ ಬಸ್ಸಿನಲ್ಲಿ ಕೂತರೆ ಅವರಿಗೆ ಬೇಸರ ಎಂದು ನಾನು ತಿಳಿದಿದ್ದೆ.

ಒಳಗೆ ಮೂವರು ಪ್ರಾಧ್ಯಾಪಕರಿದ್ದರು. ಮೊದಲ ಪ್ರಶ್ನೆಯೇ ಯಾವ ಕಾಲೇಜು ಎಂಬುದು. ಬಾಯಿ ತುಂಬ ಹೇಳಿದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲಿದೆ ಎಂದು ಕೇಳಿದರು, ಅದನ್ನೂ ಹೇಳಿದೆ. ಆಮೇಲೆ ಹಿರಿಯರೊಬ್ಬರು ಬೋರ್ಡಿನ ಮೇಲೆ ಒಂದು ದುಂಡನೆಯ ಹಾದಿ ಬರೆದು, ಅದರ ಉದ್ದಕ್ಕೂ ಶಾಖ ಸ್ವಲ್ಪ ಸ್ವಲ್ಪವೇ ಬದಲಾಗುತ್ತ ಹೋಗುತ್ತದೆ ಎಂದರು. ಎದುರುಬದುರು ಇರುವ ಎರಡು ಜಾಗಗಳಲ್ಲಿ ಶಾಖ ಸಮನಾಗಿರುವುದು ಒಮ್ಮೆಯಾದರೂ ಆಗಲೇಬೇಕೇ ಎಂದು ಕೇಳಿದರು. ನನಗೆ ಆ ಗೆರೆಯ ಮೇಲೆ ಎದುರು ಬರುವ ಬಸ್ಸು ಕಂಡಿತು. ಎದುರುಬದುರಿನ ಬಸ್ಸುಗಳು ಹಾದಿಯಲ್ಲಿ ಸಿಗಲೇಬೇಕಾದಂತೆ ಈ ಎರಡು ಶಾಖಗಳೂ ಎಲ್ಲಾದರೂ ಒಂದು ಕಡೆ ಸಮನಾಗಲೇಬೇಕು. ಸೀಮೆಸುಣ್ಣ ಇಸಿದುಕೊಂಡೆ.

ಹೊರಗೆ ಬಂದಾಗ ಅಬ್ಬಾ ಗೋಡೆಗೆ ಒರಗಿ ನಿಂತಿದ್ದರು. ಸೀಟಿನ ಮಾತು ಕೇಳುತ್ತಾರೆ ಎಂದುಕೊಂಡಿದ್ದೆ.

"ಕೇಳಿದ್ರೇನು?" ಎಂದರು.

"ಏನ್ರಿ?"

"ಕಾಲೇಜು ಯಾವದಂತ."

"ಕೇಳಿದ್ರು. ಹೇಳಿದೆ."

"ಗೊತ್ತಿತ್ತೇನು ಅವ್ರಿಗೆ?"

"ಒಬ್ರಿಗೂ ಗೊತ್ತಿರಲಿಲ್ಲ."

ಅಬ್ಬಾ ನೆಲ ನೋಡಿದರು. ಮಾಮೂನ ಆ ಪ್ರಶ್ನೆಯನ್ನು ಮೂರು ವರ್ಷ ಹೊತ್ತುಕೊಂಡು ತಿರುಗಿದವರು ನಾನಲ್ಲ, ಅವರು. ಬೋರ್ಡು ನೋಡಿ ಹತ್ತಿದ್ದು ತಾನು, ಇಳಿಯಬೇಕಾದದ್ದು ಮಗಳು ಎಂದು ದಿನವೂ ಅಂಜಿದ್ದರು. ನನಗೆ ಅದು ತಿಳಿದದ್ದು ಆಗ.

"ಆಮ್ಯಾಲ ಒಂದು ಲೆಕ್ಕ ಕೊಟ್ರು ಅಬ್ಬಾ."

ತಲೆ ಎತ್ತಿದರು. "ದೊಡ್ಡದಿತ್ತೇನು?"

"ಇಲ್ರಿ. ಮುರಗೋಡ ದಾಟೂದ್ರಾಗ ಮುಗೀತು."

ಅಬ್ಬಾ ಖಾಕಿ ತೋಳಿನಿಂದ ಕಣ್ಣು ಒರೆಸಿಕೊಂಡು ನಕ್ಕರು. ಆಮೇಲೆ ನನ್ನ ಚೀಲ ತಾವೇ ಹೆಗಲಿಗೆ ಹಾಕಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದರು.